ಗರಡಿಯ ಗುರುಶಿಷ್ಯರು

ಸಿರಿಗೇರಿ, ಸಿರುಗುಪ್ಪ, ಕುರುಗೋಡುಗಳ ಬಯಲು ಸೀಮೆ ದುಡಿಮೆಯ ನಾಡು. ಕಪ್ಪು ಮಣ್ಣಿನ ಹೊಲಗಳನ್ನೂ ತುಂಗಭದ್ರೆಯ ಕಾಲುವೆಯಿಂದ ಹಸಿರಾದ ಬತ್ತದ ಗದ್ದೆಗಳನ್ನೂ ನಂಬಿ ಬಾಳುವ ಇಲ್ಲಿನ ಜನರಿಗೆ ಮೈಬಲದ ಬೆಲೆ ಚೆನ್ನಾಗಿ ಗೊತ್ತು. ಹಬ್ಬ ಜಾತ್ರೆಗಳಲ್ಲಿ ಕಲ್ಲುಗುಂಡು ಎತ್ತುವುದನ್ನೂ ಕುಸ್ತಿಯನ್ನೂ ನೋಡಲು ಜನ ಕಿಕ್ಕಿರಿಯುವುದು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿಂದಿನಿಂದ ಬಂದ ವಾಡಿಕೆ. ಅಂಥ ಕುಸ್ತಿಯಲ್ಲಿ ಗೆದ್ದ ಪೈಲ್ವಾನನು ಜಯಘೋಷದ ನಡುವೆಯೇ ತನ್ನ ಉಸ್ತಾದರ ಬಳಿಗೆ ಹೋಗಿ ಅವರ ಕಾಲು ಮುಟ್ಟಿ ನಮಸ್ಕರಿಸುತ್ತಾನೆ. ಆ ನಮಸ್ಕಾರ ಕೇವಲ ರೂಢಿಯ ಮಾತಲ್ಲ. ಅದರ ಹಿಂದೆ ವರ್ಷಗಟ್ಟಲೆ ಬೆಳೆದು ಬಂದ ನಂಬಿಕೆಯೊಂದು ಇದೆ.

ಈ ನಂಬಿಕೆ ಹುಟ್ಟುವ ಸ್ಥಳವೇ ಗರಡಿಮನೆ. ಹಳೆಯ ಗರಡಿಗಳ ಬಾಗಿಲು ಸಾಮಾನ್ಯವಾಗಿ ಗಿಡ್ಡ; ಎಂಥ ಎತ್ತರದ ಆಳೂ ತಲೆ ಬಾಗಿಸಿಯೇ ಒಳಗೆ ಹೋಗಬೇಕು. ಒಳಗೆ ಗೋಡೆಯ ಗೂಡಿನಲ್ಲಿ ಆಂಜನೇಯನ ಮೂರ್ತಿ, ನಡುವೆ ಎಣ್ಣೆ, ಮಜ್ಜಿಗೆ, ಅರಿಸಿನಗಳನ್ನು ಬೆರೆಸಿ ಹದಗೊಳಿಸಿದ ಕೆಮ್ಮಣ್ಣು, ಮೂಲೆಯಲ್ಲಿ ಗದೆಗಳು. ಹೊಸದಾಗಿ ಸೇರಿದ ಹುಡುಗನಿಗೆ ಮೊದಲ ದಿನವೇ ಪಟ್ಟುಗಳನ್ನು ಕಲಿಸುವುದಿಲ್ಲ. ಅವನು ಮಣ್ಣನ್ನು ಅಗೆದು ಹದ ಮಾಡಬೇಕು, ದಂಡೆ ಬಸ್ಕಿ ಹೊಡೆಯಬೇಕು, ಹಿರಿಯರ ಸಾಮನ್ನು ಕಣ್ಣಿಟ್ಟು ನೋಡಬೇಕು. ಈ ಕಾಲದಲ್ಲಿ ಗುರುವು ಶಿಷ್ಯನ ತಾಳ್ಮೆಯನ್ನು ಅಳೆಯುತ್ತಾನೆ. ಶಿಷ್ಯನೂ ಗುರುವಿನ ನಡತೆಯನ್ನು ಗಮನಿಸುತ್ತಾನೆ. ಅಲ್ಲಿ ಜಾತಿಮತಗಳ ಎಣಿಕೆಗಿಂತ ಸಾಧನೆಯ ಎಣಿಕೆ ದೊಡ್ಡದು. ಪಾರಸಿಯಿಂದ ಬಂದ ‘ಉಸ್ತಾದ್’ ಎಂಬ ಮಾತು ಆಂಜನೇಯನ ಮುಂದಿನ ಮಣ್ಣಿನಲ್ಲಿ ಬಳಕೆಗೊಂಡಿರುವುದೇ ಇದಕ್ಕೆ ಸಾಕ್ಷಿ.

ಮಿಕ್ಕ ವಿದ್ಯೆಗಳಲ್ಲಿ ಗುರು ತಪ್ಪಿದರೆ ಪಾಠ ಕೆಡಬಹುದು. ಕುಸ್ತಿಯಲ್ಲಿ ಗುರು ತಪ್ಪಿದರೆ ಎಲುಬು ಮುರಿಯುತ್ತದೆ. ಕತ್ತಿಗೋ ತೋಳಿಗೋ ಹಾಕಿದ ಪಟ್ಟು ಎಲ್ಲಿಯವರೆಗೆ ಆಟ, ಎಲ್ಲಿಂದ ಮುಂದೆ ಅಪಾಯ ಎಂಬುದು ಕೆಲವೇ ಅಂಗುಲಗಳ ಅಂತರದ ಮಾತು. ಪಟ್ಟು ಕಲಿಯುವ ಹುಡುಗ ತನ್ನ ಮೈಯನ್ನೇ ಉಸ್ತಾದರ ಕೈಗೆ ಒಪ್ಪಿಸಿರುತ್ತಾನೆ. ‘ಬಿಡು’ ಎನ್ನಬೇಕಾದ ಗಳಿಗೆಯನ್ನು ಅವರು ಅರಿತಿರುವರೆಂಬ ಭರವಸೆಯೇ ಅವನಿಗೆ ರಕ್ಷೆ. ಜೋಡಿ ಕಟ್ಟುವ ಹೊಣೆಯೂ ಹೀಗೆಯೇ. ಯಾರ ಎದುರು ಯಾರನ್ನು ಇಳಿಸಬೇಕೆಂಬುದನ್ನು ವಯಸ್ಸು, ತೂಕ, ಅನುಭವಗಳನ್ನು ನೋಡಿ ಹಿರಿಯರು ತೀರ್ಮಾನಿಸುತ್ತಾರೆ. ಬಹುಮಾನದ ಆಸೆಗೆ ಎಳೆಯ ಶಿಷ್ಯನನ್ನು ಪಳಗಿದ ಪೈಲ್ವಾನನ ಮುಂದೆ ನಿಲ್ಲಿಸುವ ಗುರು, ತನ್ನನ್ನು ನಂಬಿದವನಿಗೆ ದ್ರೋಹ ಬಗೆದಂತೆಯೇ ಸರಿ.

ಕನ್ನಡ ನಾಡಿನಲ್ಲಿ ಈ ವಿದ್ಯೆಗೆ ದೀರ್ಘವಾದ ಇತಿಹಾಸವಿದೆ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗ ಮೀಸಲಾಗಿದೆ. ಮಲ್ಲರ ದರ್ಜೆ, ಆಹಾರ, ವ್ಯಾಯಾಮಗಳನ್ನು ಅದು ವಿವರಿಸುತ್ತದೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್, ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ಅರಸನು ಬೆಳಗಾಗುವ ಮೊದಲೇ ಎಳ್ಳೆಣ್ಣೆ ಕುಡಿದು, ಮೈಗೂ ಅದನ್ನೇ ಹಚ್ಚಿಕೊಂಡು, ಭಾರ ಎತ್ತಿ, ಕತ್ತಿ ತಿರುಗಿಸಿ, ಬೆವರಿಳಿದ ಮೇಲೆ ತನ್ನ ಮಲ್ಲರಲ್ಲಿ ಒಬ್ಬನೊಡನೆ ಕುಸ್ತಿ ಹಿಡಿಯುತ್ತಿದ್ದನಂತೆ. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಅಪ್ಪಣೆಯಿಲ್ಲದೆ ಯಾರೂ ಹತ್ತಿರ ಸುಳಿಯಲಾಗದ ಚಕ್ರವರ್ತಿ, ಪ್ರತಿದಿನವೂ ತನ್ನ ಕೊರಳನ್ನು ಒಬ್ಬ ಮಲ್ಲನ ತೋಳಿಗೆ ಒಡ್ಡುತ್ತಿದ್ದ. ನಂಬಿಕೆಯಿಲ್ಲದಿದ್ದರೆ ಅರಮನೆಯಲ್ಲಿಯೂ ಕುಸ್ತಿ ನಡೆಯಲಾರದು.

ನಂಬಿಕೆ ಮುರಿದರೆ ಏನಾಗುವುದೆಂಬುದನ್ನು ಪಾರಸಿ ಕವಿ ಸಾದಿ 13ನೆಯ ಶತಮಾನದ ತನ್ನ ‘ಗುಲಿಸ್ತಾನ್’ ಕೃತಿಯಲ್ಲಿ ಒಂದು ಕಥೆಯಾಗಿ ಹೇಳಿದ್ದಾನೆ. ಒಬ್ಬ ಉಸ್ತಾದನಿಗೆ 360 ಪಟ್ಟುಗಳು ತಿಳಿದಿದ್ದವು. ಮೆಚ್ಚಿನ ಶಿಷ್ಯನಿಗೆ ಅವನು 359 ಪಟ್ಟುಗಳನ್ನು ಕಲಿಸಿ ಒಂದನ್ನು ಮಾತ್ರ ಉಳಿಸಿಕೊಂಡ. ಬಲಿತ ಶಿಷ್ಯ, ವಯಸ್ಸಿಗೆ ಬೆಲೆ ಕೊಟ್ಟು ಸುಮ್ಮನಿದ್ದೇನೆಯೇ ಹೊರತು ಗುರುವಿಗಿಂತ ತಾನೇನೂ ಕಡಿಮೆಯಲ್ಲವೆಂದು ರಾಜನ ಮುಂದೆ ಕೊಚ್ಚಿಕೊಂಡ. ರಾಜನು ಇಬ್ಬರಿಗೂ ಕುಸ್ತಿ ಏರ್ಪಡಿಸಿದಾಗ ಗುರುವು ಉಳಿಸಿಕೊಂಡಿದ್ದ ಪಟ್ಟನ್ನೇ ಹಾಕಿ ಅವನನ್ನು ಕೆಡವಿದ. ಶಿಷ್ಯನ ಕೃತಘ್ನತೆಗೆ ತಕ್ಕ ಶಾಸ್ತಿಯಾಯಿತೆಂದು ಕೇಳಿದವರು ಹೇಳುವುದುಂಟು. ಆದರೆ ಕಥೆಗೆ ಇನ್ನೊಂದು ಮುಖವೂ ಇದೆ. ಗುರುಗಳೆಲ್ಲರೂ ಹೀಗೆ ಒಂದೊಂದು ಪಟ್ಟನ್ನು ಬಚ್ಚಿಡುತ್ತಾ ಹೋದರೆ, ತಲೆಮಾರು ಕಳೆದಂತೆ ವಿದ್ಯೆಯೇ ಬರಿದಾಗುತ್ತದೆ. ಶಿಷ್ಯನ ಅಹಂಕಾರ, ಗುರುವಿನ ಸಂಶಯ ಎರಡೂ ಗರಡಿಗೆ ಕೇಡು.

ಇದಕ್ಕೆ ವಿರುದ್ಧವಾದ ನಿದರ್ಶನ ನೆರೆಯ ಮಹಾರಾಷ್ಟ್ರದ ಖಾಶಾಬಾ ಜಾಧವ್ ಅವರ ಬಾಳಿನಲ್ಲಿದೆ. ಸತಾರಾ ಜಿಲ್ಲೆಯ ಗೋಳೇಶ್ವರದ ಈ ಹುಡುಗನಿಗೆ ಪೈಲ್ವಾನರಾಗಿದ್ದ ತಂದೆ ದಾದಾಸಾಹೇಬರೇ ಮೊದಲ ಗುರು. 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದಾಗ, ಮಣ್ಣಿನಲ್ಲಿ ಬೆಳೆದ ಅವರಿಗೆ ಮ್ಯಾಟಿನ ಮೇಲಿನ ಕುಸ್ತಿ ಹೊಸದು. ಅಮೆರಿಕದ ರೀಸ್ ಗಾರ್ಡ್ನರ್ ಅವರಿಗೆ ತರಬೇತಿ ನೀಡಿದರು. ಜಾಧವ್ ಆರನೆಯ ಸ್ಥಾನ ಪಡೆದರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಹೊರಡಲು ಹಣ ಸಾಲದಾದಾಗ, ಅವರು ಓದಿದ್ದ ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಾಂಶುಪಾಲರಾಗಿದ್ದ ಖರ್ಡೇಕರ್ ತಮ್ಮ ಮನೆಯನ್ನೇ ಒತ್ತೆಯಿಟ್ಟು 7,000 ರೂಪಾಯಿ ಒದಗಿಸಿದರು. ಜಾಧವ್ ಕಂಚಿನ ಪದಕದೊಡನೆ ಮರಳಿದರು. ಸ್ವತಂತ್ರ ಭಾರತಕ್ಕೆ ದೊರೆತ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ಅದು. ತಂದೆ ಕಲಿಸಿದ್ದನ್ನು ಬಿಟ್ಟುಕೊಡದೆಯೇ ಅವರು ಹೊರನಾಡಿನ ಗುರುವಿನಿಂದಲೂ ಕಲಿತರು. ಹೊಸ ಗುರುವನ್ನು ಹೊಂದುವುದು ಹಳೆಯ ಗುರುವಿಗೆ ಬಗೆಯುವ ದ್ರೋಹವಲ್ಲ.

ಈ ಮಾತು ಇಂದಿನ ಬಳ್ಳಾರಿ ಸೀಮೆಗೂ ಅನ್ವಯಿಸುತ್ತದೆ. 2018ರಲ್ಲಿ ಇದೇ ಜಿಲ್ಲೆಯ ತೋರಣಗಲ್ಲಿನ ಬಳಿ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ ಆರಂಭವಾಯಿತು. ಕುಸ್ತಿ, ಬಾಕ್ಸಿಂಗ್, ಜೂಡೋಗಳಲ್ಲಿ ಹುಡುಗರಂತೆ ಹುಡುಗಿಯರಿಗೂ ಅಲ್ಲಿ ತರಬೇತಿ ಉಂಟು. ಹಳ್ಳಿಯ ಗರಡಿಯಲ್ಲಿ ಚಿಗುರಿದ ಪ್ರತಿಭೆ ಇಂಥ ಕಡೆ ಹೋಗಿ ಬೆಳೆಯಬೇಕಾಗುತ್ತದೆ. ಕಲಿಸಿ ಬೆಳೆಸಿದವನನ್ನು ಬೇರೊಬ್ಬರ ಕೈಗೆ ಒಪ್ಪಿಸುವುದು ಗುರುವಿಗೆ ಸುಲಭವಲ್ಲ. ಆದರೂ ತನ್ನ ವಿದ್ಯೆಯ ಎಲ್ಲೆಯನ್ನು ಅರಿತು, ‘ಇನ್ನು ಮುಂದಿನದನ್ನು ಅಲ್ಲಿ ಕಲಿ’ ಎಂದು ತಾನೇ ಕಳುಹಿಸಿಕೊಡುವವನು ದೊಡ್ಡ ಗುರು. ಹೋದ ಮೇಲೂ ಮೊದಲ ಮಣ್ಣನ್ನು ನೆನೆಯುವವನು ಒಳ್ಳೆಯ ಶಿಷ್ಯ.

ನಿಷ್ಠೆಯೆಂದರೆ ಬಾಯಿ ಮುಚ್ಚಿಕೊಂಡಿರುವುದೂ ಅಲ್ಲ. 2023ರ ಜನವರಿಯಲ್ಲಿ ದೇಶದ ಹೆಸರಾಂತ ಕುಸ್ತಿಪಟುಗಳು, ಮಹಿಳಾ ಪಟುಗಳಿಗೆ ಕಿರುಕುಳವಾಗಿದೆಯೆಂದು ದೂರಿ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತರು. ಕ್ರೀಡೆಯ ಮೇಲಿನ ಪ್ರೀತಿಯೂ ಅನ್ಯಾಯವನ್ನು ಪ್ರಶ್ನಿಸುವ ಧೈರ್ಯವೂ ಒಟ್ಟಿಗೆ ಇರಬಲ್ಲವೆಂಬುದನ್ನು ಅದು ತೋರಿಸಿತು. ಮೈಗೆ ನೋವಾದಾಗ, ಮನಸ್ಸಿಗೆ ಸಲ್ಲದ್ದು ನಡೆದಾಗ ಶಿಷ್ಯನು ಅಂಜದೆ ಹೇಳುವಂತಿರಬೇಕು. ಗುರುವು ಅದನ್ನು ಕೇಳಿಸಿಕೊಳ್ಳುವಂತಿರಬೇಕು. ಅಂಥ ಗರಡಿಯಲ್ಲಿ ಮಾತ್ರ ಗುರುವಿನ ಕಾಲು ಮುಟ್ಟುವ ಕೈಗೆ ಅರ್ಥವುಂಟು.

ಅಭ್ಯಾಸ

1. ಹೊಸ ಶಿಷ್ಯನಿಗೆ ಗರಡಿಯಲ್ಲಿ ಮೊದಲೇ ಪಟ್ಟುಗಳನ್ನು ಏಕೆ ಕಲಿಸುವುದಿಲ್ಲ?
2. ಜೋಡಿ ಕಟ್ಟುವಾಗ ಗುರುವಿನ ಹೊಣೆ ಏನು?
3. ಸಾದಿಯ ಕಥೆಯ ಎರಡು ಮುಖಗಳನ್ನು ವಿವರಿಸಿರಿ.
4. ‘ಹೊಸ ಗುರುವನ್ನು ಹೊಂದುವುದು ಹಳೆಯ ಗುರುವಿಗೆ ಬಗೆಯುವ ದ್ರೋಹವಲ್ಲ.’ ಈ ಮಾತನ್ನು ಜಾಧವ್ ಅವರ ಬಾಳಿನ ಆಧಾರದಿಂದ ಸಮರ್ಥಿಸಿರಿ.