ಹಗ್ಗದ ಇನ್ನೊಂದು ತುದಿ

ಹುಮನಾಬಾದ್ ಕೈಗಾರಿಕಾ ಪ್ರದೇಶದಲ್ಲಿ ಈಗಷ್ಟೇ ಹಾಜರಿ ಹಚ್ಚತೊಡಗಿದ ತಮ್ಮಂದಿರೆ, ತಂಗಿಯರೆ, ಬಸವಕಲ್ಯಾಣದ ಲಾರಿಗಳ ಮೇಲೆ ಕ್ಲೀನರ್ ಆಗಿ ಹೊರಟ ಹುಡುಗರೆ, ಸಂಘದ ರಸೀದಿ ಹರಿಸಿದಿರಿ, ಭೇಷ್. ಇನ್ನು ಕಾನೂನಿನ ಮಾತು ಕೇಳಿ. 2025ರ ನವೆಂಬರ್ 21ರಂದು ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ, 2020 ಜಾರಿಗೆ ಬಂತು. 1948ರ ಕಾರ್ಖಾನೆ ಕಾಯ್ದೆ, 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ, 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ, ಹೀಗೆ 13 ಕಾಯ್ದೆಗಳು ಇದರೊಳಗೆ ಸೇರಿಹೋದವು. ಕೇಂದ್ರ ಕಾರ್ಮಿಕ ಸಂಘಟನೆಗಳಲ್ಲಿ ಹೆಚ್ಚಿನವು ಇದನ್ನು ವಿರೋಧಿಸುತ್ತಿವೆ. ನನಗೂ ಕೆಲವು ಕಲಮುಗಳ ಮೇಲೆ ಸಿಟ್ಟಿದೆ. ಆದರೆ ವಿರೋಧ ಮಾಡುವವನೂ ಓದಿಕೊಂಡಿರಬೇಕು. ಇವತ್ತು ಘೋಷಣೆ ಕೂಗಿ ನಾಳೆ ಪಾಳಿಗೆ ಹೋದರೆ ಅಲ್ಲಿ ನಡೆಯುವುದು ಈ ಕಾನೂನೇ.

ನಾನು ಹೇಳುವುದು ಒಂದೇ: ಪೆಟ್ಟು ಬಿದ್ದ ಮೇಲೆ ಓಡಾಡುವುದಕ್ಕಿಂತ ಬೀಳುವ ಮೊದಲೇ ಬರೆದು ಕೊಡುವುದನ್ನು ಕಲಿಯಿರಿ.

ರಿಯಾಕ್ಟರ್ ತೊಳೆಯುವ ಕೆಲಸವನ್ನೇ ನೋಡಿ. ಒಳಗೆ ಬೆಂಕಿ ಹತ್ತಬಾರದೆಂದು ನೈಟ್ರೋಜನ್ ತುಂಬಿರುತ್ತಾರೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಳ ತೆಗೆದು ಇಣುಕಿದರೆ ಬರೀ ಖಾಲಿ ಪಾತ್ರೆ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ 21ರಷ್ಟಿರುತ್ತದೆ. ಶೇ 19.5ಕ್ಕಿಂತ ಕೆಳಗಿಳಿದರೆ ಆ ಜಾಗಕ್ಕೆ ಹಾಗೇ ಕಾಲಿಡಬಾರದು. ನೈಟ್ರೋಜನ್ ತುಂಬಿದ ಪಾತ್ರೆಗೆ ಇಳಿದವನು ಎರಡು ಮೂರು ಉಸಿರಿಗೆ ಕುಸಿಯುತ್ತಾನೆ, ಕೂಗಲೂ ಆಗುವುದಿಲ್ಲ. ಅವನನ್ನು ಎತ್ತಲು ದೋಸ್ತ ಇಳಿಯುತ್ತಾನೆ, ದೋಸ್ತನನ್ನು ಎತ್ತಲು ಇನ್ನೊಬ್ಬ. ಎಫ್ಲುಯೆಂಟ್ ಟ್ಯಾಂಕುಗಳಲ್ಲೂ, ಊರಿನ ಚರಂಡಿ ಗುಂಡಿಗಳಲ್ಲೂ ಒಬ್ಬರ ಹಿಂದೆ ಒಬ್ಬರು ಸಾಯುವುದು ಹೀಗೆಯೇ. ಮುಖಕ್ಕೆ ಒದ್ದೆ ಟವೆಲ್ ಸುತ್ತಿಕೊಂಡರೆ ಆಯಿತು ಎನ್ನುವ ಮುಕಾದಮನಿಗೆ ನಮಸ್ಕಾರ ಹೇಳಿ ದೂರ ನಿಲ್ಲಿ. ಬಟ್ಟೆ ಗ್ಯಾಸನ್ನು ತಡೆಯುವುದಿಲ್ಲ. ಕಾರ್ಟ್ರಿಜ್ ಮಾಸ್ಕ್ ಆವಿಯನ್ನು ಹೀರಬಹುದು, ಆದರೆ ಇಲ್ಲದ ಆಮ್ಲಜನಕವನ್ನು ಎಲ್ಲಿಂದ ತರಬೇಕು?

1948ರ ಕಾಯ್ದೆಯ 36ನೇ ಕಲಮಿನಲ್ಲಿ ಒಂದು ಬಂಗಾರದಂಥ ಮಾತಿತ್ತು. ಹೀಗೆ ಇಳಿಯುವವನ ಬಳಿ ಉಸಿರಾಟದ ಉಪಕರಣ ಇರಬೇಕು, ಸೊಂಟಕ್ಕೆ ಬೆಲ್ಟ್ ಇರಬೇಕು, ಬೆಲ್ಟಿಗೆ ಹಗ್ಗ ಬಿಗಿದಿರಬೇಕು, ಆ ಹಗ್ಗದ ಇನ್ನೊಂದು ತುದಿ ಹೊರಗೆ ನಿಂತವನ ಕೈಯಲ್ಲಿರಬೇಕು. ನಾನು ದುಡಿದ ಒಂದು ಕಡೆ ಆ ಬೆಲ್ಟು ಗೋಡೆಗೆ ತೂಗುತ್ತಿತ್ತು, ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆದಿರಲಿಲ್ಲ. ಇನ್‌ಸ್ಪೆಕ್ಟರ್ ಬರುವ ದಿನ ಮಾತ್ರ ಕೆಳಗಿಳಿಯುತ್ತಿತ್ತು. ಶರಣ ನುಲಿಯ ಚಂದಯ್ಯ ಹಗ್ಗ ಹೊಸೆದ ಕಲ್ಯಾಣದ ಮಗ್ಗುಲಲ್ಲೇ ನಮಗೆ ಹಗ್ಗ ಹಿಡಿಯಲು ಒಬ್ಬ ಮನುಷ್ಯ ಸಿಗುತ್ತಿರಲಿಲ್ಲ. ಕಾರ್ಮಿಕರ ದಿನಾಚರಣೆಯಲ್ಲಿ ಕಾಯಕದ ಮೇಲೆ ಭಾಷಣ ಬಿಗಿಯುವವರಿಗೆ ಕೊರತೆಯಿಲ್ಲ. ಶರಣರು ಕಾಯಕ ಮಾಡಿ ಎಂದರು, ಪುಪ್ಪುಸ ಕೊಡಿ ಎನ್ನಲಿಲ್ಲ.

ಈಗ ಹೊಸ ಸಂಹಿತೆಯ 14ನೇ ಕಲಮಿಗೆ ಬನ್ನಿ. ನಿಮ್ಮ ಕೆಲಸದಲ್ಲಿ ಆರೋಗ್ಯಕ್ಕೆ ಏನು ಅಪಾಯವಿದೆ ಎಂದು ಮಾಲೀಕರನ್ನು ಕೇಳಿ ತಿಳಿಯುವ ಹಕ್ಕು ನಿಮಗಿದೆ. ಪ್ರಾಣಕ್ಕೋ ಆರೋಗ್ಯಕ್ಕೋ ತಕ್ಷಣದ ಗಂಡಾಂತರವಿದೆ ಎಂದು ಸಕಾರಣವಾಗಿ ಅನ್ನಿಸಿದರೆ ಮಾಲೀಕರಿಗೂ, ಅದೇ ಹೊತ್ತಿಗೆ ಸರ್ಕಾರದ ಇನ್‌ಸ್ಪೆಕ್ಟರಿಗೂ ತಿಳಿಸಬಹುದು. ಆ ಅಧಿಕಾರಿಗೆ ಈಗ ಇನ್‌ಸ್ಪೆಕ್ಟರ್-ಕಮ್-ಫೆಸಿಲಿಟೇಟರ್ ಎಂಬ ಉದ್ದನೆಯ ಹೆಸರು. ಮಾಲೀಕ ಒಪ್ಪಿದರೆ ಕೂಡಲೇ ಸರಿಪಡಿಸಿ ವರದಿ ಕಳಿಸಬೇಕು. ಒಪ್ಪದಿದ್ದರೂ ಸುಮ್ಮನೆ ಕೂರುವಂತಿಲ್ಲ, ಇನ್‌ಸ್ಪೆಕ್ಟರಿಗೇ ಒಪ್ಪಿಸಬೇಕು. ಅವರು ಹೇಳಿದ್ದೇ ಕೊನೆ. ‘ಅದೇ ಹೊತ್ತಿಗೆ’ ಎಂಬುದರ ಕೆಳಗೆ ಗೆರೆ ಎಳೆದುಕೊಳ್ಳಿ. ಮೊದಲು ಸೂಪರ್‌ವೈಸರ್, ಆಮೇಲೆ ಮ್ಯಾನೇಜರ್, ಆಮೇಲೆ ನೋಡೋಣ ಎಂದು ಯಾರೂ ನಿಮ್ಮನ್ನು ಅಲೆದಾಡಿಸಲಾಗದು.

ಆದ್ದರಿಂದ ಒಂದು ಹಾಳೆ ತೆಗೆದುಕೊಳ್ಳಿ. ತಾರೀಖು, ಪಾಳಿ, ಯಾವ ಪ್ಲಾಂಟು, ಯಾವ ಮಷೀನು, ಏನು ಕೆಟ್ಟಿದೆ, ಏನಾಗಬಹುದು. ಐದಾರು ಸಾಲು ಸಾಕು, ಬೈಗುಳ ಬೇಡ. ಕನ್ನಡದಲ್ಲೇ ಬರೆಯಿರಿ. ಒಂದು ಪ್ರತಿ ಕಾರ್ಖಾನೆಗೆ, ಒಂದು ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೆ, ಒಂದು ಸಂಘದ ಫೈಲಿಗೆ. ಒಳಗೆ ಸಹಿ ಹಾಕಿ ಪ್ರತಿ ತೆಗೆದುಕೊಳ್ಳಲು ಒಲ್ಲೆ ಎಂದರೆ ಪೋಸ್ಟಿನಲ್ಲಿ ರಿಜಿಸ್ಟರ್ ಮಾಡಿ. ಹೆಸರು ಬಂದರೆ ಕೆಲಸ ಹೋಗುತ್ತದೆಂಬ ಭಯ ನನಗೆ ಗೊತ್ತಿಲ್ಲವೆ? ಅದಕ್ಕೇ ಸಂಘ ಇರುವುದು. ಒಬ್ಬನ ಸಹಿ ಬೇಡ, ಪಾಳಿಯವರೆಲ್ಲರ ಸಹಿ ಇರಲಿ, ಸಂಘದ ಲೆಟರ್‌ಹೆಡ್ ಇರಲಿ.

ಇಲ್ಲೊಂದು ಎಚ್ಚರಿಕೆ. ಅಪಾಯ ಕಂಡಾಗ ಕೆಲಸ ಬಿಟ್ಟು ಹೊರಬರುವ ಹಕ್ಕನ್ನು ಈ ಕಲಮು ನೇರವಾಗಿ ಬರೆದುಕೊಟ್ಟಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1981ರ 155ನೇ ಒಡಂಬಡಿಕೆ ಹಾಗೆ ಹೊರಬಂದವರನ್ನು ಕಾಯುತ್ತದೆ, ನಮ್ಮ ಸಂಹಿತೆ ಅಷ್ಟು ದೂರ ಬಂದಿಲ್ಲ. ಇತ್ತ, ಜೊತೆಗೇ ಜಾರಿಯಾದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಮುಷ್ಕರಕ್ಕೆ 14 ದಿನ ಮೊದಲೇ ನೋಟಿಸ್ ಕೊಡಬೇಕು. ಸಿಟ್ಟಿನಲ್ಲಿ ಗೇಟಿಗೆ ಬಂದು ಕೂತರೆ ಅಕ್ರಮ ಮುಷ್ಕರ ಎಂದು ನಿಮ್ಮ ಮೇಲೆಯೇ ತಿರುಗಿಸುತ್ತಾರೆ. ಕೈಯಲ್ಲಿ 14ನೇ ಕಲಮಿನ ಕಾಗದ ಇದ್ದರೆ ಮಾತು ಬೇರೆ.

ನನ್ನ ಸಿಟ್ಟಿನ ಮಾತನ್ನೂ ಹೇಳಿಬಿಡುತ್ತೇನೆ. 1984ರ ಭೋಪಾಲದ ಹೆಣಗಳ ಮೇಲೆ ನಿಂತು 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದರು. ಅಪಾಯಕಾರಿ ರಾಸಾಯನಿಕ ಬಳಸುವ ಪ್ರತಿಯೊಂದು ಕಾರ್ಖಾನೆಯಲ್ಲೂ ಸುರಕ್ಷತಾ ಸಮಿತಿ ಕಡ್ಡಾಯ ಎಂದು ಅದರಲ್ಲಿತ್ತು. ಹೊಸದರಲ್ಲಿ ಸರ್ಕಾರ ಆದೇಶ ಹೊರಡಿಸಿದ ಕಡೆ ಸಮಿತಿ. ಸುರಕ್ಷತಾ ಅಧಿಕಾರಿ ಬೇಕಾದರೆ ಅಪಾಯಕಾರಿ ಕಾರ್ಖಾನೆಯಲ್ಲಿ 250, ಉಳಿದ ಕಾರ್ಖಾನೆಗಳಲ್ಲಿ 500 ಕಾರ್ಮಿಕರಿರಬೇಕು. ವಿದ್ಯುತ್ ಬಳಸುವ ಘಟಕ 10 ಜನರಿದ್ದರೆ ಕಾರ್ಖಾನೆ ಎನ್ನಿಸುತ್ತಿತ್ತು, ಈಗ 20 ಜನ ಬೇಕು. ಗುತ್ತಿಗೆ ಕಾರ್ಮಿಕರ ಮಿತಿ 20ರಿಂದ 50ಕ್ಕೆ ಏರಿತು. ಸಣ್ಣ ಯೂನಿಟ್ಟಿನ ಮೂಲೆಯಲ್ಲಿ ಡ್ರಮ್ಮು ಉರುಳಿಸುವವನು ಇದರಿಂದ ಇನ್ನಷ್ಟು ಒಂಟಿಯಾದ. ಆದರೂ 10 ಜನರಿದ್ದ ಕಡೆ ಮಾಲೀಕನ ಮೂಲ ಕರ್ತವ್ಯಗಳು ತಪ್ಪುವುದಿಲ್ಲ. ಸಮಿತಿ ಆದರೆ ಅದರಲ್ಲಿ ಕಾರ್ಮಿಕರ ಪ್ರತಿನಿಧಿಗಳು ಮಾಲೀಕರ ಕಡೆಯವರಿಗಿಂತ ಕಡಿಮೆ ಇರುವಂತಿಲ್ಲ, ನೋಂದಾಯಿತ ಸಂಘವನ್ನು ಕೇಳಿಯೇ ಅವರನ್ನು ಆರಿಸಬೇಕು. ಸಾಹೇಬರಿಗೆ ಬೇಕಾದವರ ಹೆಸರು ಬರೆದುಕೊಂಡು ಬಂದರೆ ಈ ಮಾತು ಎತ್ತಿ.

ಸಿಕ್ಕಿದ್ದನ್ನು ಬಿಡಬೇಡಿ. ನೇಮಕಾತಿ ಪತ್ರ ಈಗ ಪ್ರತಿಯೊಬ್ಬರ ಹಕ್ಕು. ಪೆಟ್ಟು ಬಿದ್ದ ದಿನ ‘ಇವನು ನಮ್ಮವನೇ ಅಲ್ಲ’ ಎನ್ನುವ ಠೇಕೇದಾರನ ಬಾಯಿ ಮುಚ್ಚಿಸುವುದು ಅದೊಂದೇ. 40 ದಾಟಿದವರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಎಂದು ಸರ್ಕಾರ ಸಾರಿದೆ. ತಪಾಸಣೆಗಾಗಲಿ, ಬೂಟು, ಕೈಗವಸಿಗಾಗಲಿ ಪಗಾರದಿಂದ ಒಂದು ರೂಪಾಯಿ ಮುರಿಯುವಂತಿಲ್ಲ. ಓವರ್‌ಟೈಮಿಗೆ ದುಪ್ಪಟ್ಟು ಕೂಲಿ. ಕರ್ತವ್ಯಲೋಪದಿಂದ ಸಾವಾದರೆ ಮಾಲೀಕನಿಗೆ 2 ವರ್ಷದವರೆಗೆ ಜೈಲು, ಇಲ್ಲವೆ ಕನಿಷ್ಠ 5 ಲಕ್ಷ ರೂಪಾಯಿ ದಂಡ, ಇಲ್ಲವೆ ಎರಡೂ. ಆ ದಂಡದಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದ ಹಣವನ್ನು ಮನೆಯವರಿಗೆ ಕೊಡಿಸಲು ಕೋರ್ಟಿಗೆ ಅಧಿಕಾರವಿದೆ. ಅಲ್ಲಿ ನಿಮ್ಮ ಹಳೆಯ ಹಾಳೆ ಸಾಕ್ಷಿ ಹೇಳುತ್ತದೆ.

ನಿಮ್ಮ ತಲೆಯ ಮೇಲೂ ಹೊಣೆಯಿದೆ. ಪ್ರೊಡಕ್ಷನ್ ಬೇಗ ಮುಗಿಯಲೆಂದು ಬೆಲ್ಟಿನ ಗಾರ್ಡ್ ಬಿಚ್ಚಿಡುವವರು ನಮ್ಮೊಳಗೇ ಇದ್ದಾರೆ. ಕಾನೂನು ಮೀರಿದ ಕಾರ್ಮಿಕನಿಗೂ 10,000 ರೂಪಾಯಿವರೆಗೆ ದಂಡವಿದೆ. ದಂಡ ಹೋಗಲಿ, ಬೆರಳು?

ಈ ಶನಿವಾರದ ಮೀಟಿಂಗಿಗೆ ಬರುವಾಗ ನೀವು ಮುಟ್ಟುವ ಒಂದು ರಾಸಾಯನಿಕದ ಎಂಎಸ್‌ಡಿಎಸ್, ಅಂದರೆ ಸುರಕ್ಷತಾ ಮಾಹಿತಿ ಹಾಳೆಯನ್ನು ಕೇಳಿ ತನ್ನಿ. ಅದರಲ್ಲಿ 16 ಭಾಗಗಳಿರುತ್ತವೆ. 4ನೆಯದರಲ್ಲಿ ಪ್ರಥಮ ಚಿಕಿತ್ಸೆ, 8ನೆಯದರಲ್ಲಿ ಯಾವ ಕೈಗವಸು, ಯಾವ ಮಾಸ್ಕು ಎಂದಿರುತ್ತದೆ. ಅವೆರಡನ್ನು ಕೂತು ಕನ್ನಡಕ್ಕೆ ಇಳಿಸೋಣ. ಉತ್ತರದಿಂದ ಬಂದ ಹುಡುಗರಿಗೆ ಹಿಂದಿಯಲ್ಲೂ ಆಗಬೇಕು. ಅವರನ್ನು ಕರೆಯದೆ ಬರಬೇಡಿ. ರಿಯಾಕ್ಟರಿಗೆ ಮೊದಲು ಇಳಿಸುವುದು ಅವರನ್ನೇ. ಲಾರಿ ಹುಡುಗರು ಟ್ಯಾಂಕರಿನ ಹಿಂದಿರುವ ಅಪಾಯದ ಫಲಕದ ನಂಬರು ಬರೆದುಕೊಂಡು ಬನ್ನಿ.