ಕೆಲಸ ನಿಂತ ಮೇಲಿನ ಕ್ವಾರಿ

ಚಾಮರಾಜನಗರದ ಕರಿಕಲ್ಲಿಗೆ ಹೊರದೇಶಗಳಲ್ಲಿ ಎಂಥ ಬೇಡಿಕೆಯಿದೆ ಎಂಬುದು ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ಕಲ್ಲು ಹೋದ ಮೇಲೆ ಉಳಿಯುವ ಹೊಂಡದ ಗತಿ ಏನು ಎಂದು ಕೇಳುವವರು ಕಡಿಮೆ. ಕ್ವಾರಿ ಮತ್ತು ಗಣಿಗಳ ಅವಘಡಗಳನ್ನು ಬಹುಕಾಲದಿಂದ ಗಮನಿಸುತ್ತ ಬಂದ ನನಗೆ ಕೊನೆಗೂ ಮನದಟ್ಟಾಗಿರುವುದು ಇಷ್ಟು: ಕೆಲಸ ನಡೆಯುತ್ತಿರುವ ಕ್ವಾರಿಗಿಂತ ಕೆಲಸ ನಿಂತ ಕ್ವಾರಿಗೆ ನಾವು ಹೆಚ್ಚು ಹೆದರಬೇಕು. ಮದ್ದು ಸಿಡಿಯುವುದಿಲ್ಲ, ಲಾರಿ ಓಡುವುದಿಲ್ಲ, ಧೂಳಿಲ್ಲ. ಹಾಗಾಗಿ ಅಪಾಯವೂ ಹೊರಟುಹೋಯಿತು ಎಂದು ಜನ ಭಾವಿಸುತ್ತಾರೆ. ನಿಜವಾಗಿ ಹೊರಟುಹೋದವರು ಅಪಾಯವನ್ನು ದಿನವೂ ತಡೆದು ಹಿಡಿದಿದ್ದವರು. ಸಡಿಲವಾದ ಬಂಡೆಯನ್ನು ಹಾರೆಯಿಂದ ಕೆಡವುತ್ತಿದ್ದ ಕೈ, ನೀರೆತ್ತುತ್ತಿದ್ದ ಪಂಪು, ಗಾಳಿ ತಳ್ಳುತ್ತಿದ್ದ ಫ್ಯಾನು, ಅಂಚಿಗೆ ಯಾರೂ ಬರದಂತೆ ನೋಡುತ್ತಿದ್ದ ಕಾವಲುಗಾರ, ಇವರಾರೂ ಈಗ ಅಲ್ಲಿಲ್ಲ.

ಜನ ದುಡಿಯುತ್ತಿರುವ ಕ್ವಾರಿಯೇ ಎಷ್ಟು ಅಸ್ಥಿರ ಎಂಬುದನ್ನು ನಮ್ಮ ಜಿಲ್ಲೆ 2022ರಲ್ಲಿ ಎರಡು ಸಲ ಕಂಡಿತು. ಮಾರ್ಚ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯ ಬಿಳಿಕಲ್ಲು ಕ್ವಾರಿಯಲ್ಲಿ ಗುಡ್ಡ ಕುಸಿದು ಮೂವರು ಕಾರ್ಮಿಕರು ಸತ್ತರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಚಾಮರಾಜನಗರ ತಾಲ್ಲೂಕಿನ ಬಿಸಲವಾಡಿಯ ಕ್ವಾರಿಯಲ್ಲಿ ಮತ್ತೆ ಮೂವರು. ಕಲ್ಲು ಗಟ್ಟಿ, ಅದು ಹೇಗೆ ಕುಸಿದೀತು ಎಂದು ಕೇಳುವವರಿದ್ದಾರೆ. ಕಲ್ಲು ಗಟ್ಟಿಯೇ, ಆದರೆ ಗುಡ್ಡ ಒಂದೇ ಕಲ್ಲಲ್ಲ. ಅದರೊಳಗೆ ಸೀಳುಗಳಿರುತ್ತವೆ, ಎರಡು ಸೀಳು ಓರೆಯಾಗಿ ಕೂಡಿದ ಕಡೆ ಬಂಡೆ ಬೆಣೆಯಂತೆ ಕಳಚಿಕೊಳ್ಳಲು ಕಾದಿರುತ್ತದೆ. ವರ್ಷಗಟ್ಟಲೆ ಸಿಡಿಸಿದ ಮದ್ದು ಆ ಸೀಳುಗಳನ್ನು ಅಗಲ ಮಾಡಿರುತ್ತದೆ. ಮಳೆಗಾಲದಲ್ಲಿ ನೀರು ಅದರೊಳಗಿಳಿದು ಒತ್ತುತ್ತದೆ, ಮಣ್ಣು ಜಾರುತ್ತದೆ, ಆಲದ ಬೇರೋ ಅರಳಿಯ ಬೇರೋ ಹೊಕ್ಕು ಇನ್ನಷ್ಟು ಬಿಡಿಸುತ್ತದೆ. ಕರಿಕಲ್ಲಿನ ಕ್ವಾರಿಗಳಲ್ಲಿ ಇನ್ನೊಂದು ತೊಡಕಿದೆ. ನಾವು ಕಪ್ಪು ಗ್ರಾನೈಟ್ ಎಂದು ಮಾರುವುದು ಭೂವಿಜ್ಞಾನಿಗಳ ಲೆಕ್ಕದಲ್ಲಿ ಡಾಲರೈಟ್. ಹಳೆಯ ಬಂಡೆಯ ಬಿರುಕಿನೊಳಗೆ ಕೆಳಗಿನಿಂದ ಕರಗಿದ ಶಿಲೆ ನುಗ್ಗಿ ಗಟ್ಟಿಯಾದದ್ದು ಅದು, ನಿಂತ ಗೋಡೆಯ ಹಾಗೆ ಕಿರಿದಾಗಿ, ಉದ್ದವಾಗಿ, ಆಳಕ್ಕೆ ಇಳಿದಿರುತ್ತದೆ. ಅದರ ಬೆನ್ನು ಹತ್ತಿ ತೋಡಿದ ಹೊಂಡವೂ ಅದೇ ಆಕಾರದ್ದು: ಎರಡೂ ಕಡೆ ನೇರ ಗೋಡೆ, ನಡುವೆ ಆಳದ ಸಂದು. ಗಟ್ಟಿ ಕಲ್ಲಿನಲ್ಲೂ ಮೆಟ್ಟಿಲು ಮೆಟ್ಟಿಲಾಗಿ ತೋಡಬೇಕು, ಒಂದು ಮೆಟ್ಟಿಲಿನ ಎತ್ತರ ಸಾಮಾನ್ಯವಾಗಿ 6 ಮೀಟರ್ ಮೀರಬಾರದು ಎಂದು 1961ರ ಲೋಹಗಣಿ ನಿಯಮಾವಳಿ ಹೇಳುತ್ತದೆ. ಮೆಟ್ಟಿಲು ಬಿಟ್ಟರೆ ಅಷ್ಟು ಕಲ್ಲು ಕೈತಪ್ಪುತ್ತದೆ ಎಂಬ ಆಸೆಗೆ ಆ ನಿಯಮ ಸೋತ ಕಡೆಗಳಲ್ಲೇ ಇಂದು ಅತ್ಯಂತ ಕೆಟ್ಟ ಹೊಂಡಗಳಿವೆ.

ನೆಲದೊಳಗಿನ ಗಣಿಯ ಮಾತು ಬೇರೆ, ಅಲ್ಲಿ ಕೊಲ್ಲುವುದು ಕಣ್ಣಿಗೆ ಬೀಳುವುದೇ ಇಲ್ಲ. ಕೋಲಾರದ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ಮೂರು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಮುಟ್ಟಿದರೆ ಸುಡುವಷ್ಟು ಕಾದ ಬಂಡೆಯ ನಡುವೆ ಸಾವಿರಾರು ಜನ ದುಡಿಯಲು ಸಾಧ್ಯವಾಗಿದ್ದು ಮೇಲಿನಿಂದ ತಂಪುಗಾಳಿ ತಳ್ಳುತ್ತಿದ್ದ ಯಂತ್ರಗಳಿಂದ. ಅವು ನಿಂತವು. 2020ರ ಮೇ ತಿಂಗಳಲ್ಲಿ ಮಾರಿಕುಪ್ಪಂ ಬಳಿ ಕಳವಿಗೆಂದು ಮುಚ್ಚಿದ ಗಣಿಗಿಳಿದ ಮೂವರು ಉಸಿರುಗಟ್ಟಿ ಸತ್ತರು. ಅವರು ಕಳ್ಳರು ಎಂಬ ಕಾರಣಕ್ಕೆ ಆ ಸಾವನ್ನು ಹಗುರಾಗಿ ಕಾಣುವುದು ಸರಿಯಲ್ಲ; ಚಾರಣದ ಹುಮ್ಮಸ್ಸಿನಲ್ಲಿ ಇಳಿದವರಿಗೂ ಅಲ್ಲಿ ಸಿಗುವುದು ಅದೇ ಗಾಳಿ. ಕೊಳೆಯುವ ಮರದ ಆಸರೆಗಳೂ ತುಕ್ಕು ಹಿಡಿಯುವ ಅದಿರೂ ಆಮ್ಲಜನಕವನ್ನು ತಿನ್ನುತ್ತವೆ. ಭಾರವಾದ ಇಂಗಾಲದ ಡೈಆಕ್ಸೈಡ್ ತಗ್ಗಿನಲ್ಲಿ ತಂಗುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇ 21ರಷ್ಟಿದೆ. ಅದು ಶೇ 10ರ ಸುತ್ತಮುತ್ತ ಇಳಿದರೆ ಮನುಷ್ಯ ಎಚ್ಚರ ತಪ್ಪುತ್ತಾನೆ, ಎಚ್ಚರ ತಪ್ಪುವ ಮೊದಲೇ ವಿವೇಚನೆ ಮಂಕಾಗಿರುತ್ತದೆ. ಹಿಂದಿರುಗಬೇಕು ಎಂದು ತೀರ್ಮಾನಿಸಬೇಕಾದ ಮಿದುಳೇ ಮೊದಲು ಸೋಲುತ್ತದೆ. ದೀಪ ಹಿಡಿದು ಹೋದರೆ ಆಯಿತು, ಆರಿದರೆ ವಾಪಸು ಬರುತ್ತೇವೆ ಎಂಬ ಹಳೆಯ ನಂಬಿಕೆ ಅರ್ಧ ಮಾತ್ರ ನಿಜ. ಆಮ್ಲಜನಕ ಕಡಿಮೆಯಾದರೆ ದೀಪ ಆರೀತು. ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಕೊಲ್ಲುವ ಮಟ್ಟದಲ್ಲಿದ್ದರೂ ದೀಪ ನೆಮ್ಮದಿಯಾಗಿ ಉರಿಯುತ್ತಿರುತ್ತದೆ. ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿ ಗೂಡಲೂರಿನತ್ತ ಹೋಗುವವರು ಇದನ್ನು ನೆನಪಿಡಬೇಕು. ಅಲ್ಲಿನ ದೇವಾಲ, ಪಂದಲೂರು ಸುತ್ತ 1880ರ ಆಸುಪಾಸಿನಲ್ಲಿ ಇಂಗ್ಲಿಷ್ ಕಂಪನಿಗಳು ಚಿನ್ನಕ್ಕಾಗಿ ಕೊರೆದು ಕೈಬಿಟ್ಟ ಸುರಂಗಗಳು ಇಂದಿಗೂ ಬಾಯಿ ತೆರೆದಿವೆ.

ನಮ್ಮ ಕಡೆ ಮಾತ್ರ ಹೆಚ್ಚು ಜೀವ ಹೋಗುವುದು ನೀರಿಗೆ. ಈಜು ಬಲ್ಲವರಿಗೆ ಏನು ಭಯ ಎಂಬ ವಾದ ಇಲ್ಲಿ ಮೊದಲು ಏಳುತ್ತದೆ. ಕೆರೆಗೂ ಕ್ವಾರಿ ಹೊಂಡಕ್ಕೂ ಇರುವ ವ್ಯತ್ಯಾಸವನ್ನು ಈ ವಾದ ಗಮನಿಸುವುದಿಲ್ಲ. ಕೆರೆಗೆ ದಡವಿದೆ, ನೀರು ಮೊಣಕಾಲಿನಿಂದ ಸೊಂಟಕ್ಕೆ, ಸೊಂಟದಿಂದ ಎದೆಗೆ ಏರುತ್ತದೆ. ಹಳೆಯ ಬಾವಿಗೂ ಮೆಟ್ಟಿಲುಂಟು. ಕ್ವಾರಿ ಹೊಂಡದಲ್ಲಿ ಒಂದು ಹೆಜ್ಜೆ ಬಂಡೆಯ ಮೇಲಿದ್ದರೆ ಮುಂದಿನ ಹೆಜ್ಜೆಗೆ ತಳವೇ ಇರುವುದಿಲ್ಲ. ತಂತಿ ಗರಗಸದಲ್ಲಿ ಕೊಯ್ದ ಗೋಡೆ ನುಣ್ಣಗಿರುತ್ತದೆ, ಪಾಚಿ ಕಟ್ಟಿದರೆ ಬೆರಳು ಊರಲೂ ಜಾಗವಿಲ್ಲ. ಹೊರದೇಶಗಳ ಎಚ್ಚರಿಕೆ ಫಲಕಗಳು ತಣ್ಣೀರಿನ ಆಘಾತವನ್ನು ಮುಂದಿಟ್ಟು ಹೇಳುತ್ತವೆ. ನಮ್ಮ ಬಿಸಿಲುನಾಡಿನಲ್ಲಿ ಅದಕ್ಕಿಂತ ದೊಡ್ಡದು ಹತ್ತಿ ಬರಲಾಗದಿರುವುದು ಎಂದು ನನ್ನ ಅಭಿಪ್ರಾಯ. ಚೆನ್ನಾಗಿ ಈಜುವವನೂ ಹಿಡಿಯಲು ಏನೂ ಸಿಗದೆ ದಣಿದು ಮುಳುಗುತ್ತಾನೆ. ಮೇಲಿನಿಂದ ಧುಮುಕುವವನಿಗೆ ನೀರಿನಡಿಯ ಕಲ್ಲಿನ ಮೆಟ್ಟಿಲೂ ಬಿಸಾಡಿದ ಕಬ್ಬಿಣದ ಹಗ್ಗವೂ ಕಾಣುವುದಿಲ್ಲ. ಹತ್ತು ವರ್ಷದಿಂದ ಇಲ್ಲೇ ಈಜುತ್ತಿದ್ದೇವೆ, ಏನೂ ಆಗಿಲ್ಲ ಎನ್ನುವವರಿಗೆ ನಾನು ಹೇಳುವುದು, ಮಳೆ ಬಂದಾಗಲೆಲ್ಲ ನೀರಿನ ಮಟ್ಟ ಬದಲಾಗುತ್ತದೆ. ಹೋದ ಬೇಸಿಗೆಯಲ್ಲಿ ಹತ್ತಿದ ಕಲ್ಲು ಈ ಸಲ ಎರಡಾಳು ಕೆಳಗಿರಬಹುದು. ಒಬ್ಬರನ್ನು ಉಳಿಸಲು ಇನ್ನೊಬ್ಬರು ಹಾರಿ ಇಬ್ಬರೂ ಹೋಗುವುದನ್ನು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುತ್ತೇವೆ. ಯಾರಾದರೂ ಬಿದ್ದರೆ ಹಾರಬೇಡಿ. ಹಗ್ಗ, ಸೀರೆ, ಉದ್ದನೆಯ ಗಳು, ಮುಚ್ಚಳ ಬಿಗಿದ ಖಾಲಿ ಕ್ಯಾನು, ಕೈಗೆ ಸಿಕ್ಕಿದ್ದನ್ನು ಎಸೆಯಿರಿ, 112ಕ್ಕೆ ಕರೆ ಮಾಡಿ.

ಹಾಗಾದರೆ ಹೊಂಡಗಳನ್ನೆಲ್ಲ ಮುಚ್ಚಿಬಿಡಿ ಎಂದು ನಾನು ಹೇಳುತ್ತಿಲ್ಲ. ಮಳೆ ನೆರಳಿನ ಗುಂಡ್ಲುಪೇಟೆಯಲ್ಲಿ ಬೇಸಿಗೆಯ ನೀರಿಗೆ ಏನು ಬೆಲೆ ಎಂದು ದನ ಸಾಕುವವರಿಗೆ ಗೊತ್ತು. ಆ ನೀರು ಬೇಕು. ಬೇಕಾದರೆ ಒಂದು ಬದಿಯನ್ನು ಇಳಿಜಾರು ಮಾಡಿ ದನ ಇಳಿಯುವಂತೆ ಮಾಡಬೇಕು, ಉಳಿದ ಮೂರು ಬದಿಗೆ ಬೇಲಿ ಹಾಕಬೇಕು, ಗೋಡೆಗೆ ಅಲ್ಲಲ್ಲಿ ಸರಪಳಿ ಇಳಿಬಿಡಬೇಕು. ಹಳೆಯ ಗಣಿಗಳು ಚರಿತ್ರೆ, ಅವುಗಳನ್ನು ನೋಡಬಾರದೇ ಎನ್ನುವ ಉತ್ಸಾಹಿಗಳ ಪ್ರೀತಿಯನ್ನೂ ನಾನು ಗೌರವಿಸುತ್ತೇನೆ. ಅಂಚಿನಿಂದ ದೂರ ನಿಂತು ಫೋಟೊ ತೆಗೆಯಬಹುದು, ಅಲ್ಲಿ ದುಡಿದ ಹಿರಿಯರನ್ನು ಮಾತಾಡಿಸಿ ಬರೆದಿಡಬಹುದು. ಕತ್ತಲೊಳಗೆ ಕಾಲಿಟ್ಟರೆ ಹೆಚ್ಚಿಗೆ ತಿಳಿಯುವುದೇನೂ ಇಲ್ಲ. ಪಾಳು ಕ್ವಾರಿಗಳಲ್ಲಿ ಚಿರತೆ ಮರಿ ಹಾಕುವುದುಂಟು. ಸಿಡಿಯದೆ ಉಳಿದ ಮದ್ದೂ ಇರಬಹುದು: 2021ರ ಫೆಬ್ರುವರಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿ ಬಳಿ ಜೆಲಟಿನ್ ಕಡ್ಡಿ ಸಿಡಿದು ಆರು ಜನ ಸತ್ತದ್ದನ್ನು ಮರೆಯುವಂತಿಲ್ಲ. ಕಡ್ಡಿಯೋ ತಂತಿಯೋ ಕಂಡರೆ ಮುಟ್ಟದೆ ಪೊಲೀಸರಿಗೆ ತಿಳಿಸಬೇಕು.

ಕೈಬಿಟ್ಟ ಕೊಳವೆಬಾವಿಯನ್ನು ನೆಲಮಟ್ಟದವರೆಗೆ ಮುಚ್ಚಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಆದೇಶಿಸಿತು. ಅಂಗೈ ಅಗಲದ ಬಾಯಿಗೆ ತೋರಿಸಿದ ಕಾಳಜಿ ಎಕರೆಗಟ್ಟಲೆ ಬಾಯಿಗೂ ಸಿಗಬೇಕು. ಗುತ್ತಿಗೆ ಮುಗಿಸಿದವನೇ ಬೇಲಿ ಹಾಕಿ ಹೋಗಲಿ, ಸರ್ಕಾರದ ದುಡ್ಡು ಏಕೆ ಎಂಬ ಆಕ್ಷೇಪ ನ್ಯಾಯವಾದದ್ದು. ಇನ್ನು ಮುಂದೆ ಬಿಡುವ ಕ್ವಾರಿಗಳಿಗೆ ಅದೇ ಆಗಬೇಕು. ಗುತ್ತಿಗೆದಾರ ಯಾರೆಂದು ಹುಡುಕಲೂ ಆಗದ ಹಳೆಯ ಹೊಂಡಗಳಿಗೆ 2015ರ ಕಾನೂನು ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣವಿದೆ. ಗಣಿಯಿಂದ ನೊಂದ ಊರುಗಳಿಗೆಂದೇ ಇರುವ ಹಣ ಅದು. ಗ್ರಾಮ ಪಂಚಾಯಿತಿ ಸದಸ್ಯರಲ್ಲಿ ನನ್ನ ಕೋರಿಕೆ: ನಿಮ್ಮ ವ್ಯಾಪ್ತಿಯ ಪಾಳು ಕ್ವಾರಿಗಳನ್ನು ಸರ್ವೆ ನಂಬರ್ ಸಮೇತ ಪಟ್ಟಿ ಮಾಡಿ, ಮುಂದಿನ ಗ್ರಾಮಸಭೆಯಲ್ಲಿ ಠರಾವು ಮಾಡಿ ಜಿಲ್ಲಾಧಿಕಾರಿಗೆ ಕಳಿಸಿ. ಮಕ್ಕಳಿಗೆ ಬೇಸಿಗೆ ರಜೆ ಶುರುವಾಗುವ ಮೊದಲು ಇದಾಗಲಿ.