ಮಗು ಕುಂಟುತ್ತಿದ್ದರೆ ಬಿಸಿಜಿ ದಿನಾಂಕವನ್ನೂ ಹೇಳಿ

ಪುಟ್ಟ ಮಗುವಿಗೆ ಜೋರು ಜ್ವರ, ಕಾಲು ಮುಟ್ಟಿದರೆ ಚೀರಾಟ, ಒಂದೆರಡು ದಿನದಲ್ಲೇ ಊತ. ಇದು ಹೆಚ್ಚಾಗಿ ಸ್ಟೆಫೈಲೊಕಾಕಸ್‌ನಂಥ ಬ್ಯಾಕ್ಟೀರಿಯಾ ಮೂಳೆಗೆ ಇಳಿದಿರುವ ಲಕ್ಷಣ. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನು ಕ್ಷಯ ತಡೆಯುವ ಬಿಸಿಜಿ ಲಸಿಕೆಯ ರೋಗಾಣುವಿನಿಂದ ಮೂಳೆಗೆ ಸೋಂಕು ತಗಲುವುದು ತೀರಾ ಅಪರೂಪ. ಆದರೆ ಅದು ಸದ್ದಿಲ್ಲದೆ ಬರುತ್ತದೆ. ಹುಟ್ಟಿದಾಗ ಹಾಕಿಸಿದ ಲಸಿಕೆಯ ಪರಿಣಾಮ ಹಲವು ತಿಂಗಳು, ಕೆಲವೊಮ್ಮೆ ವರ್ಷ ಕಳೆದ ಮೇಲೆ ಕಾಣಿಸಬಹುದು. ಮಗು ಆಡುತ್ತಲೇ ಇರುತ್ತದೆ, ಜ್ವರ ಅಷ್ಟಾಗಿ ಇರುವುದಿಲ್ಲ. ಮಂಡಿಯ ಹತ್ತಿರ ಊತ, ನಡೆಯುವಾಗ ಸಣ್ಣ ಕುಂಟು, ಅಷ್ಟೇ. ರಕ್ತಪರೀಕ್ಷೆಯಲ್ಲಿ ಉರಿಯೂತ ಸೂಚಿಸುವ ಸಿಆರ್‌ಪಿ ಸಹ ಹೆಚ್ಚೇನೂ ಏರಿರುವುದಿಲ್ಲ. ಬಿದ್ದು ಪೆಟ್ಟಾಗಿರಬೇಕೆಂದು ಮನೆಯವರು ಸುಮ್ಮನಾಗುವುದು ಇಲ್ಲೇ.

ಈ ಲಕ್ಷಣಗಳಿಂದ ಅನುಮಾನ ಹುಟ್ಟುತ್ತದೆಯೇ ಹೊರತು ತೀರ್ಮಾನವಾಗದು. ಮೂಳೆಯ ಚೂರು ತೆಗೆದು ಕಲ್ಚರ್, ಪಿಸಿಆರ್ ಮಾಡಿದರೇ ಖಚಿತ. ಸಾಮಾನ್ಯ ಆ್ಯಂಟಿಬಯೋಟಿಕ್‌ಗೆ ಊತ ಇಳಿಯದಿದ್ದರೆ ವೈದ್ಯರನ್ನು ಇದರ ಬಗ್ಗೆ ಕೇಳಿ. ಚಿಕಿತ್ಸೆಯೇ ಬೇರೆ: ತಿಂಗಳುಗಟ್ಟಲೆ ಕ್ಷಯದ ಔಷಧಿ ಕೊಡಬೇಕು, ಆದರೆ ಅವುಗಳಲ್ಲಿ ಪೈರಾಜಿನಮೈಡ್ ಮಾತ್ರ ಈ ರೋಗಾಣುವಿಗೆ ನಾಟುವುದಿಲ್ಲ. ಮಗುವಿನ ರೋಗನಿರೋಧಕ ಶಕ್ತಿಯನ್ನೂ ಪರೀಕ್ಷಿಸಬೇಕಾಗುತ್ತದೆ.

ಇದನ್ನು ಓದಿ ಲಸಿಕೆಗೆ ಹೆದರಬೇಡಿ. ಕ್ಷಯ ಮಿದುಳಿನ ಪೊರೆಗೆ ಏರದಂತೆ ಎಳೆಯ ಮಕ್ಕಳನ್ನು ಕಾಯುವುದು ಬಿಸಿಜಿಯೇ. ಲಸಿಕೆಯ ದಿನಾಂಕ ಬರೆದ ತಾಯಿ ಕಾರ್ಡನ್ನು ಮಾತ್ರ ಜೋಪಾನವಾಗಿಡಿ, ವೈದ್ಯರಿಗೆ ತೋರಿಸಿ.